ಡೊಂಕು ಟೀ, ಇಕ್ಕಟ್ಟು ಟೀ, ಮರದ ಸಂದಿಯ ಟೀ: ಕೊಡಗಲ್ಲಿ ಗಾಲ್ಫ್ ಆಡೋರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಲ್ಲಿ ಗಾಲ್ಫ್ ಅಂದ್ರೆ ಇಳಿಜಾರು, ಮರ, ಮಳೆ ಈ ಮೂರನ್ನೂ ಸುಧಾರಿಸ್ಕೊಂಡು ಆಡೋದು. ಮಡಿಕೇರಿಯ ಮೆರ್ಕಾರಾ ಡೌನ್ಸ್‌ಗೋ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್‌ಗೋ ವೀಕೆಂಡಲ್ಲಿ ಬೆಂಗಳೂರು ಮೈಸೂರಿಂದ ಬರೋರು, ಹೊಸದಾಗಿ ಆಟ ಹಿಡಿದಿರೋ ನಮ್ಮೂರ ಹುಡುಗರು, ಎಲ್ಲರೂ ಎಲ್ಲೋ ಒಂದು ಟೀ (ಪ್ರತಿ ಹೋಲ್‌ನ ಮೊದಲ ಹೊಡೆತ ಹೊಡೆಯೋ ಜಾಗ; ಬಾಲ್ ಕೂರಿಸೋ ಸಣ್ಣ ಕಡ್ಡಿಗೂ ಇದೇ ಹೆಸರು) ಮೇಲೆ ನಿಂತು "ಇದೇನ್ರೀ, ಇಲ್ಲಿಂದ ಹೊಡೆಯೋದು ಹೆಂಗೆ" ಅಂತ ಕೇಳೇ ಕೇಳ್ತಾರೆ, ಅದಕ್ಕೆ ಎಲ್ಲಾ ಉತ್ತರ ಒಂದೇ ಕಡೆ ಬರೆದಿಟ್ಟಿದ್ದೀನಿ. ಕೆಳಗೆ ಹೇಳಿರೋ ಟೀಗಳು ಯಾವ ಕ್ಲಬ್ಬಿಂದು ಅಂತ ಹುಡುಕೋಕೆ ಹೋಗ್ಬೇಡಿ, ಗುಡ್ಡದ ಮೇಲೆ ಕೋರ್ಸ್ ಇದ್ರೆ ಇಂಥವು ಇದ್ದೇ ಇರ್ತವೆ. ರೂಲ್ಸ್ ಅಂತ ಹೇಳಿದ ಕಡೆಯೆಲ್ಲ 2023ರಿಂದ ಜಾರಿಯಲ್ಲಿರೋ ರೂಲ್ಸ್ ಆಫ್ ಗಾಲ್ಫ್ ಲೆಕ್ಕ.

ಟೀ ಬಾಕ್ಸ್ ಅಂದ್ರೆ ಆ ಮಟ್ಟ ಮಾಡಿರೋ ಹುಲ್ಲಿನ ಜಾಗ ಪೂರ್ತಿನಾ?

ಅಲ್ಲ. ತುಂಬ ಜನ ಎಡವೋದು ಇಲ್ಲೇ. ಹುಲ್ಲು ಎಷ್ಟು ಉದ್ದ ಅಗಲ ಇದ್ರೂ ಆವತ್ತು ನಿಮ್ಮ ಟೀ ಅಂದ್ರೆ ಎರಡು ಮಾರ್ಕರ್‌ಗಳ ಹಿಂದಿರೋ ಒಂದು ಆಯತ ಅಷ್ಟೇ (ಮಾರ್ಕರ್ ಅಂದ್ರೆ ಟೀ ಎಲ್ಲಿ ಅಂತ ತೋರಿಸೋಕೆ ನೆಲದ ಮೇಲಿಡೋ ಬಣ್ಣದ ಗುಂಡು). ಮುಂದಿನ ಗೆರೆ ಮಾರ್ಕರ್‌ಗಳ ಮುಂತುದಿಯಿಂದ, ಅಕ್ಕಪಕ್ಕದ ಗೆರೆ ಮಾರ್ಕರ್‌ಗಳ ಹೊರ ಅಂಚಿಂದ, ಹಿಂದಕ್ಕೆ ಎರಡು ಕ್ಲಬ್ (ಹೊಡೆಯೋ ಕೋಲು) ಉದ್ದ. ಪಟರ್ (ಗುಳಿ ಹತ್ರ ಬಾಲ್ ತಳ್ಳೋ ಕ್ಲಬ್) ಬಿಟ್ಟು ನಿಮ್ಮ ಬ್ಯಾಗಲ್ಲಿರೋ ಅತೀ ಉದ್ದದ ಕ್ಲಬ್ ಲೆಕ್ಕಕ್ಕೆ, ಅಂದ್ರೆ ಸಾಮಾನ್ಯವಾಗಿ ದೂರ ಹೊಡೆಯೋಕೆ ಇರೋ ಡ್ರೈವರ್. 45 ಇಂಚಿನ ಡ್ರೈವರ್ ಇದ್ರೆ 90 ಇಂಚು, ಏಳೂವರೆ ಅಡಿ. ಬಾಲ್‌ನ ಒಂದು ತುಣುಕು ಆ ಆಯತದ ಒಳಗೆ ಇದ್ರೂ ಸಾಕು, ಒಳಗಿದೆ ಅಂತಲೇ ಲೆಕ್ಕ.

ಈ ಏಳೂವರೆ ಅಡಿ ನಿಮ್ಮ ಆಸ್ತಿ. ಮುಂದೆ ಬರೋ ಅರ್ಧಕ್ಕರ್ಧ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ, ಯಾಕಂದ್ರೆ ಹತ್ತರಲ್ಲಿ ಎಂಟು ಜನ ಎರಡು ಮಾರ್ಕರ್ ನಡುವೆ ಸರಿಯಾಗಿ ಮಧ್ಯಕ್ಕೆ, ಗೆರೆಗೆ ಒಂದಿಂಚು ಹಿಂದೆ ಟೀ ಚುಚ್ಚಿ ಆಮೇಲೆ ಜಾಗ ಸರಿ ಇಲ್ಲ ಅಂತ ಗೊಣಗ್ತಾರೆ. ಹಿಂದೆ ಬನ್ನಿ, ಪಕ್ಕಕ್ಕೆ ಹೋಗಿ, ಯಾರೂ ಬೇಡ ಅನ್ನಲ್ಲ.

ಕಾಲೂ ಆ ಆಯತದ ಒಳಗೇ ಇರ್ಬೇಕಾ?

ಬೇಡ. ಬಾಲ್ ಒಳಗಿದ್ರೆ ಸಾಕು, ನೀವು ಹೊರಗೆ ನಿಲ್ಲಬಹುದು. ಬಲಗೈ ಆಟಗಾರನಿಗೆ ಎಡಗಡೆ ಮಾರ್ಕರ್‌ನ ಪಕ್ಕಕ್ಕೇ ಬಾಲ್ ಇಟ್ಟು ತಾನು ಆಚೆ ಬದಿಯಲ್ಲಿ ನಿಂತು ಹೊಡೆಯೋಕೆ ರೂಲ್ಸ್ ಪ್ರಕಾರ ಪೂರ್ತಿ ಹಕ್ಕಿದೆ, ಆದ್ರೆ ಆ ಮಾರ್ಕರ್ ಅಡ್ಡ ಬರತ್ತೆ ಅಂತ ಕಿತ್ತು ಬದಿಗಿಡೋ ಹಾಗಿಲ್ಲ. ಟೀ ಶಾಟ್ ಹೊಡೆಯೋಕೆ ಮುಂಚೆ ನಿಮಗೆ ಅನುಕೂಲ ಆಗೋ ಥರ ಮಾರ್ಕರ್ ಸರಿಸಿದ್ರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ, ಅಂದ್ರೆ ಸ್ಟ್ರೋಕ್, ಎಣಿಸೋ ಆಟ) ಎರಡು ಸ್ಟ್ರೋಕ್ ದಂಡ. ಕಾಲು ತಗುಲಿ ಉರುಳಿದ್ರೆ ಇದ್ದಲ್ಲೇ ವಾಪಸ್ ಇಡಿ, ಅದಕ್ಕೆಲ್ಲ ಯಾರೂ ಗಲಾಟೆ ಮಾಡಲ್ಲ.

ಮಾರ್ಕರ್‌ಗಳು ಕಾಫಿ ತೋಟದ ಕಡೆ ಮುಖ ಮಾಡಿರ್ತವೆ, ಫೇರ್‌ವೇ (ಬಾಲ್ ಹೋಗ್ಬೇಕಾದ, ಹುಲ್ಲು ಕತ್ತರಿಸಿದ ದಾರಿ) ಇನ್ನೊಂದು ಕಡೆ. ಹೀಗೆ ಇಡಬಹುದಾ?

ಇಡಬಾರದು ಅಂತ ರೂಲ್ಸಲ್ಲಿ ಎಲ್ಲೂ ಬರೆದಿಲ್ಲ, ಆದ್ರೆ ಇಡಬಾರದು. ಸರಿಯಾಗಿ ಇಡೋರು ಟಿ ಆಕಾರದ ಒಂದು ಕೋಲು ಇಟ್ಕೊಂಡಿರ್ತಾರೆ, ಅದರ ಉದ್ದ ಕಾಲು ಫೇರ್‌ವೇ ಮಧ್ಯಕ್ಕೆ ತೋರಿಸಿ ಅಡ್ಡ ಕೈಯ ಎರಡು ತುದಿಗೆ ಮಾರ್ಕರ್ ಇಟ್ರೆ ಕಣ್ಣಿಗೆ ಕೋನ ಸರಿ ಕೂರತ್ತೆ. ಬೆಳಿಗ್ಗೆ ಆರೂವರೆಗೆ ಮಂಜಲ್ಲಿ ಫೇರ್‌ವೇನೇ ಕಾಣದೇ ಇರೋವಾಗ ಹುಲ್ಲು ಕತ್ತರಿಸೋ ಹುಡುಗ ಮಾರ್ಕರ್ ಎತ್ತಿ, ಮಷಿನ್ ಓಡಿಸಿ, ವಾಪಸ್ ಇಡೋವಾಗ ಅಂದಾಜಲ್ಲಿ ಇಡ್ತಾನೆ, ಅವನನ್ನ ಬೈದು ಪ್ರಯೋಜನ ಇಲ್ಲ.

ಡೊಂಕು ಮಾರ್ಕರ್‌ಗಿಂತ ದೊಡ್ಡ ತೊಂದರೆ ಡೊಂಕು ಟೀಯದ್ದೇ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗ ಗುಡ್ಡ ತಿರುಗಿದ ಹಾಗೇ ತಿರುಗಿರತ್ತೆ, ಫೇರ್‌ವೇ ಹೋದ ಕಡೆಗಲ್ಲ. ಅದರ ಅಂಚು, ಹುಲ್ಲು ಕತ್ತರಿಸಿದ ಪಟ್ಟೆ ಎಲ್ಲಾ ಒಂದೇ ದಿಕ್ಕಿಗೆ ಓಡಿದಾಗ ನಮ್ಮ ಭುಜ ಗೊತ್ತಿಲ್ದೇ ಆ ಕಡೆಗೇ ತಿರುಗಿಬಿಡತ್ತೆ. ಬಾಲ್ ನೇರ ಹೋಗಿರತ್ತೆ, ಆದ್ರೆ ತೋಟಕ್ಕೆ. ಇದಕ್ಕೆ ಮದ್ದು ಒಂದೇ: ಬಾಲ್ ಹಿಂದೆ ನಿಂತು ದೂರದಲ್ಲಿ ಒಂದು ಗುರಿ ಹಿಡಿರಿ, ಆ ಗೆರೆ ಮೇಲೇ ಬಾಲ್ ಮುಂದೆ ಎರಡಡಿ ಒಳಗೆ ಒಂದು ಒಣ ಎಲೆನೋ ಹಳೇ ಮುರಿದ ಟೀನೋ ನೋಡ್ಕೊಳ್ಳಿ, ಕ್ಲಬ್ ಮುಖ ಅದಕ್ಕೆ ಹಿಡಿದು ಆಮೇಲೆ ಕಾಲು ಇಡಿ. ಮಾರ್ಕರ್ ಕಡೆ ತಲೆ ಎತ್ತಿ ನೋಡಲೇಬೇಡಿ. ಗುರಿಗೋಸ್ಕರ ಹೊಸದಾಗಿ ಏನನ್ನೋ ತಂದು ಬಾಲ್ ಮುಂದೆ ಇಡೋದು ತಪ್ಪು, ಇದ್ದದ್ದನ್ನ ನೋಡ್ಕೊಳ್ಳೋದಕ್ಕೆ ಅಡ್ಡಿ ಇಲ್ಲ.

ಇಂಥ ಜಾಗದಲ್ಲಿ ಟೀ ಯಾಕೆ ಮಾಡ್ತಾರೆ? ಡಿಸೈನ್ ಮಾಡಿದೋರಿಗೆ ಕಣ್ಣು ಕಾಣಲ್ವಾ?

ಡಿಸೈನರ್ ಮಾಡಿದ್ದು ಕಮ್ಮಿ, ಆಮೇಲೆ ಆಗಿದ್ದೇ ಜಾಸ್ತಿ. ಕೋರ್ಸ್ ಮಾಡಿದಾಗ ಸೊಂಟದೆತ್ತರ ಇದ್ದ ಸಿಲ್ವರ್ ಓಕ್ ಈಗ ಎಂಬತ್ತು ಅಡಿ, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಬೇರೆ. ಕಾಡುಮರ ಆದ್ರೆ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೇ ಕಡಿಯೋ ಹಾಗಿಲ್ಲ, ಅದಕ್ಕೆ ಕ್ಲಬ್ಬಿನೋರು ಮರ ಬಿಟ್ಟು ಮಾರ್ಕರ್ ಸರಿಸ್ತಾರೆ. ಬಾಲು ಕ್ಲಬ್ಬುಗಳು ಸುಧಾರಿಸಿ ಹೊಡೆತದ ದೂರ ಜಾಸ್ತಿ ಆಯ್ತು ಅಂತ ಹಿಂದೆ ಹೊಸ ಟೀ ಕಟ್ಟೋಕೆ ಹೋದ್ರೆ ಸಿಗೋ ಜಾಗ ಬೇಲಿ ಮೂಲೆ ಮಾತ್ರ. ಮಳೆಗೆ ಒಂದು ಬದಿ ಕುಸಿದಿರತ್ತೆ.

ಇನ್ನೊಂದು ಕಾರಣ ಜಾಗದ ಸೈಜು. ಒಂದು ಹಳೇ ಲೆಕ್ಕ ಇದೆ, ವರ್ಷಕ್ಕೆ ಸಾವಿರ ರೌಂಡ್ ಆಡೋ ಕಡೆ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸ್ಬೇಕಾದದ್ದು), ಪಾರ್ 5 ಹೋಲ್‌ಗೆ 100 ಚದರಡಿ ಟೀ ಬೇಕು, ಪಾರ್ 3ಕ್ಕೆ ಮತ್ತು ಮೊದಲ ಹೋಲ್‌ಗೆ ಅದರ ಎರಡರಷ್ಟು. ಪಾರ್ 3ರಲ್ಲಿ ಎಲ್ಲರೂ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ತಗೊಂಡು ಹುಲ್ಲು ಕಿತ್ತು ಹಾಕ್ತಾರಲ್ಲ, ಅದಕ್ಕೆ. ಗುಡ್ಡದಲ್ಲಿ ಅಷ್ಟು ಮಟ್ಟ ಜಾಗ ಎಲ್ಲಿಂದ ತರೋದು? ಮಧ್ಯದ ಹುಲ್ಲು ಸತ್ತು ಕೆಮ್ಮಣ್ಣು ಕಾಣೋಕೆ ಶುರು ಆದ್ರೆ ಅದಕ್ಕೆ ರೆಸ್ಟ್ ಕೊಡೋಕೆ ಮಾರ್ಕರ್‌ನ ಮೂಲೆಗೆ ತಳ್ತಾರೆ. ನೀವು ಮೂಲೇಲಿ ನಿಂತು ಬೈಯೋವಾಗ ನಡುವೆ ಹುಲ್ಲು ಚಿಗುರ್ತಾ ಇರತ್ತೆ.

ಟೀ ಅಂತ ಬೇರೆ ಜಾಗ ಇರೋದೇ ಒಂದು ಸೌಕರ್ಯ ಅಂತ ಬೇಕಿದ್ರೆ ತಿಳ್ಕೊಳ್ಳಿ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದ ಮೊದಲ ರೂಲ್ಸ್‌ನ ಮೊದಲನೇ ಸಾಲೇ, ಹಿಂದಿನ ಹೋಲ್‌ನಿಂದ ಒಂದು ಕ್ಲಬ್ ಉದ್ದದ ಒಳಗೇ ಬಾಲ್ ಟೀ ಮಾಡ್ಬೇಕು ಅಂತ. ಗ್ರೀನ್ (ಗುಳಿ ಸುತ್ತಲಿನ ನುಣುಪು ಹುಲ್ಲು) ಮೇಲೇ ಡ್ರೈವ್!

ಟೀ ಹಿಂದೆನೇ ಮರ, ಬ್ಯಾಕ್‌ಸ್ವಿಂಗ್ ಕೊಂಬೆಗೆ ತಾಗತ್ತೆ. ಮುರಿಬಹುದಾ?

ಮುರಿಬೇಡಿ. ಟೀ ಆಯತದ ಒಳಗೇ ಬೆಳೆದಿರೋ ಹುಲ್ಲು, ಕಳೆ ಆದ್ರೆ ಬಗ್ಗಿಸಬಹುದು, ಕೀಳಬಹುದು, ನೆಲ ಒತ್ತಿ ಮಟ್ಟ ಮಾಡಬಹುದು, ಬೇರೆ ಎಲ್ಲೂ ಇಲ್ಲದ ಸ್ವಾತಂತ್ರ್ಯ ಇಲ್ಲಿದೆ. ಆದ್ರೆ ಬೇರು ಹೊರಗಿದ್ದು ಕೊಂಬೆ ಮಾತ್ರ ಒಳಗೆ ಚಾಚಿದ್ರೆ ಅದನ್ನ ಮುಟ್ಟೋ ಹಾಗಿಲ್ಲ. ಪ್ರಾಕ್ಟೀಸ್ ಸ್ವಿಂಗ್ ಹೆಸರಲ್ಲಿ ನಾಲ್ಕು ಸಲ ಬೀಸಿ ರೆಂಬೆ ಉದುರಿಸಿದ್ರೂ ಅದು ಸ್ವಿಂಗ್ ಜಾಗ ಸುಧಾರಿಸಿದ ಹಾಗೇನೇ, ಎರಡು ಸ್ಟ್ರೋಕ್. ನಿಜವಾದ ಸ್ಟ್ರೋಕ್‌ಗೆ ಕ್ಲಬ್ ಎತ್ತಿದಾಗ ಕೊಂಬೆ ಮುರಿದು, ನೀವು ನಿಲ್ಲಿಸದೇ ಬಾಲ್ ಹೊಡೆದ್ರೆ ದಂಡ ಇಲ್ಲ. ಅರ್ಧಕ್ಕೆ ನಿಲ್ಲಿಸಿಬಿಟ್ರೆ ಇದೆ.

ಹಾಗಾದ್ರೆ ಏನ್ ಮಾಡೋದು ಅಂದ್ರೆ, ಕೊಂಬೆ ಹಿಂದೆ ಇದ್ರೆ ಮುಂದಿನ ಗೆರೆಗೆ ಬನ್ನಿ, ಮುಂದೆ ಇದ್ರೆ ಹಿಂದಿನ ಏಳೂವರೆ ಅಡಿ ಪೂರ್ತಿ ಬಳಸಿ ಹಿಂದಕ್ಕೆ ಹೋಗಿ. ಮರದ ಮೇಲಿಂದ ದಾಟಿಸಬೇಕಾದಾಗ ಎರಡು ಮೀಟರ್ ಹಿಂದೆ ಹೋದ್ರೆ ಬಾಲ್ ಏರೋಕೆ ಅಷ್ಟು ಜಾಗ ಜಾಸ್ತಿ ಸಿಗತ್ತೆ, ಕೇಳೋಕೆ ಸಣ್ಣದು ಅನ್ಸಿದ್ರೂ ಎದುರಿಗೇ ಕೊಂಬೆ ಇದ್ದಾಗ ಅದೇ ಸಾಕು. ಅದೂ ಆಗ್ಲಿಲ್ಲ ಅಂದ್ರೆ ಡ್ರೈವರ್ ಬ್ಯಾಗಿಗೆ ಹಾಕಿ. ಮುಕ್ಕಾಲು ಸ್ವಿಂಗಲ್ಲಿ ಐದನೇ ಐರನ್ ತಗೊಂಡು ಫೇರ್‌ವೇಗೆ ಹಾಕಿದೋನು ಬೋಗಿಗೆ (ಪಾರ್ ಮೇಲೆ ಒಂದು) ಮುಗಿಸ್ತಾನೆ, ಹೆಂಗಾದ್ರೂ ಡ್ರೈವರೇ ಹೊಡಿತೀನಿ ಅಂತ ಹಠ ಮಾಡಿದೋನು ತೋಟದೊಳಗೆ ಜಿಗಣೆ ಕೈಲಿ ಕಚ್ಚಿಸ್ಕೊಳ್ತಾ ಬಾಲ್ ಹುಡುಕ್ತಿರ್ತಾನೆ.

ನಾನು ಎಡಗೈ ಆಟಗಾರ. ಎಲ್ಲಾ ಟೀಯಲ್ಲೂ ನನಗೇ ತೊಂದರೆ ಯಾಕೆ?

ಮಾರ್ಕರ್ ಇಡೋನು ಬಲಗೈಯವನು, ಅದಕ್ಕೆ. ಎಡಬದಿಯ ಮಾರ್ಕರ್ ಬೇಲಿಗೋ ದರೆಗೋ ಒತ್ತಿ ಇಟ್ಟಿದ್ದು ಅವನ ಕಣ್ಣಿಗೆ ಬಿದ್ದಿರತ್ತೆ, ಬಲಬದಿ ಒತ್ತಿದ್ದು ಬೀಳಲ್ಲ, ನೀವು ನಿಲ್ಲೋದು ಅಲ್ಲೇ ಅಲ್ವಾ. ಎಡ ಮಾರ್ಕರ್ ಕಡೆಗೆ ಬಾಲ್ ಇಡಿ, ನಿಲ್ಲೋಕೆ ಆಯತದ ಪೂರ್ತಿ ಅಗಲ ಸಿಗತ್ತೆ. ಅಲ್ಲೂ ಆಗಲ್ಲ ಅಂದ್ರೆ ಕಮಿಟಿಗೆ ಹೇಳಿ, ಎಡಗೈಯವರು ನಿಲ್ಲೋಕೇ ಆಗದ ಟೀ ಇಡೋದು ತಪ್ಪು ಅಂತ ನನ್ನ ಅಭಿಪ್ರಾಯ, ಈ ವಿಷಯದಲ್ಲಿ ರಾಜಿ ಇಲ್ಲ.

ಟೀನೇ ವಾಲಿದೆ. ಬಾಲ್ ಕಾಲಿಗಿಂತ ಮೇಲೆ ಬರತ್ತೆ, ಏನ್ ಮಾಡ್ಲಿ?

ನೀರು ಹರಿದು ಹೋಗ್ಲಿ ಅಂತ ಟೀಗೆ ನೂರಕ್ಕೆ ಒಂದೋ ಎರಡೋ ಭಾಗ ಇಳಿಜಾರು ಬೇಕಂತಲೇ ಕೊಡ್ತಾರೆ, ಮಡಿಕೇರಿಯಂಥ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳೋವಾಗ ಅದಿಲ್ದೇ ಇದ್ರೆ ಟೀ ಕೆರೆ ಆಗತ್ತೆ. ಅಷ್ಟು ಕಾಲಿಗೆ ಗೊತ್ತಾಗಲ್ಲ. ಗೊತ್ತಾಗೋ ಅಷ್ಟು ವಾಲಿದ್ರೆ ಮಣ್ಣು ಕೂತಿದೆ ಅಂತ ಅರ್ಥ.

ಬಾಲ್ ಕಾಲಿಗಿಂತ ಎತ್ತರ ಇದ್ರೆ ಬಲಗೈಯವರಿಗೆ ಎಡಕ್ಕೆ ಹೋಗತ್ತೆ, ಸ್ವಲ್ಪ ಬಲಕ್ಕೆ ಗುರಿ ಇಟ್ಟು ಹಿಡಿ ಒಂದಿಂಚು ಕೆಳಗೆ ತಗೊಳ್ಳಿ. ತಗ್ಗಲ್ಲಿದ್ರೆ ಉಲ್ಟಾ. ಮುಂದಕ್ಕೆ ಇಳಿದಿರೋ ಟೀ ಇನ್ನೂ ಕಷ್ಟ, ಬಾಲ್ ಏಳೋದೇ ಇಲ್ಲ, ಭುಜ ಇಳಿಜಾರಿಗೆ ಸಮ ಮಾಡ್ಕೊಂಡು ಲಾಫ್ಟ್ (ಬಾಲ್ ಏಳಿಸೋ ಮುಖದ ಓರೆ) ಜಾಸ್ತಿ ಇರೋ ಕ್ಲಬ್ ತಗೊಳ್ಳಿ. ಟೀ ಎತ್ತರ ನಿಮ್ಮ ಕೈಲಿದೆ, 4 ಇಂಚು ತನಕ ಟೀ ಇಟ್ಕೊಳ್ಳೋಕೆ ರೂಲ್ಸ್ ಒಪ್ಪತ್ತೆ. ಎಲ್ಲಕ್ಕಿಂತ ಮೊದಲು ಆ ಆಯತದೊಳಗೆ ಒಂದು ಸಲ ಸುಮ್ನೆ ಓಡಾಡಿ, ಮೂಲೇಲೆಲ್ಲೋ ಎರಡು ಪಾದ ಮಟ್ಟವಾಗಿ ಕೂರೋ ಜಾಗ ಸಿಗತ್ತೆ, ಹಳೇ ಕ್ಯಾಡಿಗಳು ಬ್ಯಾಗ್ ಇಳಿಸೋವಾಗಲೇ "ಸಾರ್, ಬಲಗಡೆ ಹಿಂದೆ ಇಡಿ" ಅನ್ನೋದು ಇದಕ್ಕೇ.

ಗುಡ್ಡದ ತುದಿ ಟೀಯಿಂದ ಗ್ರೀನ್ ಪಾತಾಳದಲ್ಲಿ ಕಾಣತ್ತೆ. ಯಾವ ಕ್ಲಬ್?

ಮೂರಡಿ ಇಳಿದ್ರೆ ಒಂದು ಗಜ ಕಮ್ಮಿ, ಅದು ಅಂದಾಜು ಲೆಕ್ಕ. ಅರವತ್ತಡಿ ಕೆಳಗಿದ್ರೆ 150 ಗಜದ ಹೋಲ್ 130 ಥರ ಆಡತ್ತೆ, ಎರಡು ಕ್ಲಬ್ ಕಮ್ಮಿ. ಇದರ ಮೇಲೆ ಎತ್ತರದ ಗಾಳಿ ತೆಳು, ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಮಂಗಳೂರಲ್ಲಿ ಹೊಡೆದಿದ್ದಕ್ಕಿಂತ ಇಲ್ಲಿ ನಾಲ್ಕು ಪರ್ಸೆಂಟ್ ಆಸುಪಾಸು ದೂರ ಹೋಗತ್ತೆ. ಬೆಂಗಳೂರಿಂದ ಬಂದೋರಿಗೆ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ, ಅದೂ 900 ಮೀಟರ್ ಮೇಲಿದೆ. ಚಳಿ ಬೆಳಿಗ್ಗೆ ಬಾಲ್ ಗಟ್ಟಿಯಾಗಿ, ಕೈ ಮರಗಟ್ಟಿ, ಆ ಲಾಭ ಪೂರ್ತಿ ಹೋಗೋದೂ ಉಂಟು.

ಗಾಳಿ ಮಾತ್ರ ಮರೀಬೇಡಿ. ಎತ್ತರದಿಂದ ಹೊಡೆದ ಬಾಲ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರತ್ತೆ, ಟೀ ಮೇಲೆ ಮರದ ಮರೆಗೆ ಒಂದೆಲೆ ಅಲುಗಾಡದೇ ಇದ್ರೂ ಕಣಿವೆ ಮಧ್ಯ ಬೀಸ್ತಿರತ್ತೆ. ಮರದ ತುದಿ ನೋಡಿ, ಬಾವುಟ ನೋಡಿ. ಅಮೆರಿಕದ ಪೆಬಲ್ ಬೀಚ್‌ನ ಏಳನೇ ಹೋಲ್ ನೂರು ಗಜಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ, ಕೆಳಗಿಳಿಯೋದು, ಸಮುದ್ರದ ಗಾಳಿ ಎದ್ದ ದಿನ ಅಲ್ಲಿ ಪ್ರೊಗಳೇ ವೆಡ್ಜ್ (ಹತ್ತಿರಕ್ಕೆ ಹೊಡೆಯೋ ಕ್ಲಬ್) ಬಿಟ್ಟು ಉದ್ದ ಐರನ್ ತಗೊಂಡಿದ್ದಾರೆ.

ಟೀಯಿಂದ ಏನೂ ಕಾಣಲ್ಲ, ಮುಂದೆ ದಿಬ್ಬ. ಮುಂದಿನ ಗುಂಪು ಹೋಯ್ತಾ ಇಲ್ವಾ ಗೊತ್ತಾಗೋದು ಹೇಗೆ?

ಮುಂದಿನ ಗುಂಪು ದಾಟಿದ್ಮೇಲೆ ಬಾರಿಸೋ ಗಂಟೆ ಇದ್ರೆ ಅದನ್ನ ಕಾಯಿರಿ, ಇಲ್ದಿದ್ರೆ ಒಬ್ಬ ಕ್ಯಾಡಿನ ದಿಬ್ಬದ ಮೇಲೆ ಕಳಿಸಿ. ಅವನು ಕೈ ಬೀಸೋ ತನಕ ಹೊಡೀಬೇಡಿ. ಬಾಲ್ ಯಾರ ಕಡೆಗೋ ಹೋಯ್ತು ಅಂದ್ರೆ ಗಂಟಲು ಬಿಟ್ಟು "ಫೋರ್" ಅನ್ನಿ, ಕಾಫಿ ಕುಯ್ಯೋ ಟೈಮಲ್ಲಿ ಬೇಲಿ ಆಚೆ ಆಳುಗಳಿರ್ತಾರೆ, ಅವರಿಗೆ ಫೋರ್ ಅಂದ್ರೆ ಏನು ಅಂತ ಗೊತ್ತಿರಲ್ಲ, "ಬಾಲ್ ಬಂತು" ಅಂತ ಕನ್ನಡದಲ್ಲೇ ಕೂಗಿ.

ಒಂಬತ್ತೇ ಹೋಲ್, ಆದ್ರೆ ಎರಡನೇ ಸುತ್ತಲ್ಲಿ ಬೇರೆ ಟೀ. ತಪ್ಪಿ ಹಳೇ ಮಾರ್ಕರ್‌ಯಿಂದ ಹೊಡೆದ್ರೆ?

ಸಣ್ಣ ಕೋರ್ಸ್‌ಗಳು ಒಂಬತ್ತನ್ನ ಹದಿನೆಂಟು ಮಾಡೋ ಉಪಾಯ ಇದು, ಒಂದೇ ಗ್ರೀನ್‌ಗೆ ಎರಡು ಟೀ, ಮೊದಲ ಸುತ್ತಲ್ಲಿ ಪಾರ್ 4 ಇದ್ದದ್ದು ಎರಡನೇದರಲ್ಲಿ ಉದ್ದದ ಪಾರ್ 3 ಆಗಬಹುದು. ಎರಡನೇ ಟೀಗಳು ಅಡ್ಡಾದಿಡ್ಡಿ ಇರೋದೂ ಇದಕ್ಕೇ, ಉಳಿದ ಜಾಗದಲ್ಲಿ ತುರುಕಿರ್ತಾರೆ. ನನಗೆ ಇವೇ ಇಷ್ಟ, ಗೊತ್ತಿರೋ ಹೋಲ್ ಬೇರೆ ಕೋನದಿಂದ ಹೊಸದಾಗಿ ಕಾಣತ್ತೆ.

ತಪ್ಪು ಮಾರ್ಕರ್‌ಯಿಂದ ಹೊಡೆದ್ರೆ ಸ್ಟ್ರೋಕ್ ಪ್ಲೇನಲ್ಲಿ ಎರಡು ಸ್ಟ್ರೋಕ್ ದಂಡ, ಹೊಡೆದಿದ್ದು ಲೆಕ್ಕಕ್ಕಿಲ್ಲ, ಸರಿಯಾದ ಟೀಗೆ ಹೋಗಿ ಮತ್ತೆ ಹೊಡೀಬೇಕು, ಅದು ಮೂರನೇ ಸ್ಟ್ರೋಕ್. ಸರಿ ಮಾಡದೇ ಮುಂದಿನ ಹೋಲ್‌ಗೆ ಟೀ ಶಾಟ್ ಹೊಡೆದುಬಿಟ್ರೆ ಡಿಸ್‌ಕ್ವಾಲಿಫೈ. ಗೆರೆಗಿಂತ ಮುಂದೆ ಇಟ್ಟು ಹೊಡೆದ್ರೂ ಇದೇ ಶಿಕ್ಷೆ. ಮ್ಯಾಚ್ ಪ್ಲೇನಲ್ಲಿ (ಎದುರಾಳಿ ಜೊತೆ ಒಂದೊಂದೇ ಹೋಲ್ ಗೆಲ್ಲೋ ಆಟ) ದಂಡ ಇಲ್ಲ, ಆದ್ರೆ ಎದುರಾಳಿ ತಕ್ಷಣ ಆ ಸ್ಟ್ರೋಕ್ ರದ್ದು ಮಾಡಿಸಬಹುದು, ನಿಮ್ಮದು ಒಳ್ಳೇ ಶಾಟ್ ಆಗಿದ್ರೆ ಮಾಡಿಸ್ತಾನೆ, ಕೆಟ್ಟದಾಗಿದ್ರೆ ಸುಮ್ನಿರ್ತಾನೆ.

ಹೆಂಗಸರ ಟೀ ಯಾಕೆ ಯಾವಾಗಲೂ ಮೂಲೇಲಿ?

ಇದು ನನಗೆ ಸಿಟ್ಟು ಬರಿಸೋ ವಿಷಯ. ಹಿಂದಿನ ಟೀಗಳಿಗೆ ಮಣ್ಣು ತಂದು ಮಟ್ಟ ಮಾಡಿ ಕಲ್ಲು ಕಟ್ತಾರೆ, ಮುಂದಿನ ಟೀ ಅಂದ್ರೆ ಫೇರ್‌ವೇ ಬದಿಯ ಇಳಿಜಾರಲ್ಲಿ ಎರಡು ಕೆಂಪು ಗುಂಡು ಇಟ್ಟು ಕೈ ತೊಳ್ಕೊಳ್ತಾರೆ. ಬೆಂಚಿಲ್ಲ, ನೆರಳಿಲ್ಲ, ಗುರಿ ನೋಡಿದ್ರೆ ನೇರ ಮರಕ್ಕೆ. ಅಲ್ಲಿಂದ ಆಡೋದು ಹೆಂಗಸರು ಅಷ್ಟೇ ಅಲ್ಲ, ಮಕ್ಕಳು, ಅರವತ್ತು ದಾಟಿದೋರು, ಹೊಸಬರು, ಅಂದ್ರೆ ಮಟ್ಟ ಜಾಗ ಅತೀ ಹೆಚ್ಚು ಬೇಕಾದೋರೇ. ಅಮೆರಿಕದ ಆಲಿಸ್ ಡೈ ಅನ್ನೋ ಆರ್ಕಿಟೆಕ್ಟ್ ಜೀವಮಾನ ಪೂರ್ತಿ ಇದೇ ವಾದ ಮಾಡಿದ್ರು, ಮುಂದಿನ ಟೀ ಕೂಡ ಸರಿಯಾಗಿ ಯೋಚಿಸಿ ಕಟ್ಟಬೇಕಾದ ಟೀ, ಒಂದಲ್ಲ ಎರಡು ಬೇಕು ಅಂತ, ಆಮೇಲೆ ಅಲ್ಲಿನ ಗಾಲ್ಫ್ ಆರ್ಕಿಟೆಕ್ಟ್‌ಗಳ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಆದ್ರು.

ಬಣ್ಣಕ್ಕೂ ಗಂಡು ಹೆಣ್ಣಿಗೂ ರೂಲ್ಸಲ್ಲಿ ಸಂಬಂಧನೇ ಇಲ್ಲ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ಟೀ ಇಟ್ ಫಾರ್ವರ್ಡ್ (ನಿಮ್ಮ ಹೊಡೆತದ ದೂರಕ್ಕೆ ತಕ್ಕ ಟೀಯಿಂದ ಆಡಿ ಅನ್ನೋ ಅಭಿಯಾನ) ಲೆಕ್ಕದಲ್ಲಿ ಡ್ರೈವರ್ 200 ಗಜ ಹೋಗೋರು ಹದಿನೆಂಟು ಹೋಲ್ ಸೇರಿ 5200ರಿಂದ 5400 ಗಜ ಆಡ್ಬೇಕು, 250 ಹೋಗೋರಿಗೆ 6200ರಿಂದ 6400. ನಮ್ಮಲ್ಲಿ 200 ಹೊಡೆಯೋ ಗಂಡಸರು ಹಿಂದಿನ ನೀಲಿ ಟೀಯಲ್ಲಿ ನಿಂತು ನಾಲ್ಕೂವರೆ ಗಂಟೆ ಎಲ್ಲರನ್ನೂ ಕಾಯಿಸ್ತಾರೆ.

ಮಳೆಗಾಲದಲ್ಲಿ ಟೀ ಮೇಲೆ ಪಾಚಿ, ಕಾಲು ಜಾರತ್ತೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ನೆರಳಲ್ಲಿರೋ ಟೀ ಮೇಲೆ ಹುಲ್ಲು ತೆಳು ಆಗಿ ಪಾಚಿ ಕೂರತ್ತೆ, ಮರ ಕಪಾತು ಮಾಡಿಸಿ ಬಿಸಿಲು ಬಿಟ್ರೆ ಮಾತ್ರ ಹೋಗೋದು, ತೋಟದೋರಿಗೆ ಇದನ್ನ ಹೇಳಿಕೊಡಬೇಕಾ? ಆಟದ ಮಟ್ಟಿಗೆ, ಟೀ ಮೇಲಿನ ನೀರು, ಇಬ್ಬನಿ ಒರೆಸಿ ಹಾಕಬಹುದು, ಮರಳು ಮಣ್ಣು ಸರಿಸಬಹುದು, ಶೂ ಊರಿ ನಿಲ್ಲಬಹುದು. ಶೂ ಕೆಳಗೆ ಟವಲ್ ಹಾಸಿ ನಿಲ್ಲೋದು ಮಾತ್ರ ಬೇಡ, ಅದು ದಂಡ. ಪ್ಲಾಸ್ಟಿಕ್ ಮ್ಯಾಟ್ ಹಾಕಿದ್ರೆ ಕ್ಲಬ್ಬಿನ ನೋಟಿಸ್ ಓದಿ, ಮ್ಯಾಟ್ ಮೇಲಿಂದಲೇ ಹೊಡೀಬೇಕಾ ಅಂತ ಅಲ್ಲಿರತ್ತೆ, ಮತ್ತೆ ಬಾಲ್ ಮ್ಯಾಟ್ ಮೇಲೆ, ಕಾಲು ನೆಲದ ಮೇಲೆ ಇದ್ರೆ ಬಾಲ್ ಅರ್ಧ ಇಂಚು ಎತ್ತರ ಅಂತ ನೆನಪಿರ್ಲಿ.

ಟೀ ಮೇಲಿಂದ ಬಾಲ್ ಉರುಳಿ ಬಿತ್ತು, ಪಕ್ಕದೋನು "ಒಂದು" ಅಂತ ಎಣಿಸಿದ.

ಅವನಿಗೆ ನಗು ಬೇಕಿತ್ತು ಅಷ್ಟೇ. ಹೊಡೆಯೋ ಉದ್ದೇಶದಿಂದ ಬೀಸೋ ತನಕ ಬಾಲ್ ಆಟದಲ್ಲಿಲ್ಲ, ಎತ್ತಿ ಮತ್ತೆ ಇಡಿ, ದಂಡ ಇಲ್ಲ. ಬೀಸಿ ತಪ್ಪಿದ್ರೆ ಅದು ಒಂದು ಸ್ಟ್ರೋಕ್. ಆದ್ರೂ ಬಾಲ್ ಇನ್ನೂ ಟೀ ಆಯತದೊಳಗೇ ಬಿದ್ದಿದ್ರೆ ಎತ್ತಿ ಬೇರೆ ಕಡೆ ಟೀ ಮೇಲೆ ಇಟ್ಟು ಎರಡನೇದು ಹೊಡೀಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಟೀ ಪಕ್ಕದಲ್ಲೇ ಬೇಲಿ, ಬೇಲಿ ಆಚೆ ತೋಟ. ಬಾಲ್ ಹೋದ್ರೆ?

ತೋಟ ಸಾಮಾನ್ಯವಾಗಿ ಔಟ್ ಆಫ್ ಬೌಂಡ್ಸ್ (ಕೋರ್ಸ್ ಗಡಿ ಆಚೆ). ಅದೇ ಟೀಯಿಂದ ಮತ್ತೆ, ಮೂರನೇ ಸ್ಟ್ರೋಕ್. ಡೌಟ್ ಇದ್ರೆ ಪ್ರಾವಿಷನಲ್ (ಮೊದಲಿನದು ಸಿಗದಿದ್ರೆ ಇರ್ಲಿ ಅಂತ ಹೊಡೆಯೋ ಬಾಲ್) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆದು ಹೋಗಿ, ಹುಡುಕೋಕೆ ಮೂರೇ ನಿಮಿಷ. ಕೆಲವು ಕಡೆ ಎರಡು ಸ್ಟ್ರೋಕ್ ದಂಡ ತಗೊಂಡು ಫೇರ್‌ವೇ ಬದಿಗೆ ಡ್ರಾಪ್ ಮಾಡೋ ಲೋಕಲ್ ರೂಲ್ ಇರತ್ತೆ, ಸ್ಕೋರ್ ಕಾರ್ಡ್ ಹಿಂದೆ ನೋಡಿ. ಗಡಿ ಬೇಲಿ ನಿಮ್ಮ ಸ್ವಿಂಗಿಗೆ ಅಡ್ಡ ಬಂದ್ರೆ ಫ್ರೀ ರಿಲೀಫ್ (ದಂಡ ಇಲ್ದೇ ಬಾಲ್ ಸರಿಸೋ ಅವಕಾಶ) ಇಲ್ಲ, ಟೀ ಮೇಲಾದ್ರೆ ಚಿಂತೆ ಇಲ್ಲ, ಪಕ್ಕಕ್ಕೆ ಸರಿದು ಇಡಿ.

ಕಾಡುಹಂದಿ ರಾತ್ರಿ ಟೀ ಅಗೆದು ಒಂದು ಮಾರ್ಕರ್ ಮಾಯ. ಎಲ್ಲಿಂದ ಹೊಡೆಯೋದು?

ಕಮಿಟಿನೋ ಸ್ಟಾರ್ಟರ್‌ನೋ ಕೇಳಿ. ಯಾರೂ ಸಿಗ್ಲಿಲ್ಲ ಅಂದ್ರೆ ಉಳಿದ ಮಾರ್ಕರ್, ನಿನ್ನೆ ಮೊನ್ನೆಯ ಡಿವಟ್ (ಹೊಡೆತಕ್ಕೆ ಹುಲ್ಲು ಕಿತ್ತ ಗುರುತು), ಹುಲ್ಲಲ್ಲಿ ಉಳಿದ ಗುಂಡನೆ ಹಳದಿ ಗುರುತು ನೋಡಿ ಪ್ರಾಮಾಣಿಕವಾಗಿ ಅಂದಾಜು ಮಾಡಿ ಹೊಡೀರಿ, ಅಷ್ಟು ಸಾಕು. ಹೆಜ್ಜೇನು ಕೂತಿದ್ರೆ, ಹಾವಿದ್ರೆ, ಆಯತದ ಇನ್ನೊಂದು ಮೂಲೆಗೆ ಹೋಗಿ. ಆನೆ ಇದ್ರೆ ಕ್ಲಬ್ ಹೌಸ್‌ಗೆ ಹೋಗಿ, ಅದಕ್ಕೆ ರೂಲ್ಸ್ ಬುಕ್ ತೆಗೆಯೋದು ಬೇಡ.

ಗುಡುಗು ಶುರುವಾದ್ರೆ ಎತ್ತರದ ಟೀ ಮೇಲೆ ಏನ್ ಮಾಡೋದು?

ಇಳಿಯೋದು. ಏಪ್ರಿಲ್ ಮೇ ಸಂಜೆ ಗುಡುಗಿನ ಮಳೆ ನಮ್ಮಲ್ಲಿ ಹೇಳಿ ಕೇಳಿ ಬರಲ್ಲ. ಸಿಡಿಲಿನ ಭಯ ಇದೆ ಅನ್ಸಿದ್ರೆ ಟೂರ್ನಮೆಂಟ್ ನಡುವೆನೂ ಯಾರ ಅಪ್ಪಣೆ ಇಲ್ದೇ ಆಟ ನಿಲ್ಲಿಸೋಕೆ ರೂಲ್ಸ್ ಅವಕಾಶ ಕೊಟ್ಟಿದೆ. ಒಂಟಿ ಮರದ ಕೆಳಗೆ, ತಗಡಿನ ಶೆಡ್ ಕೆಳಗೆ ನಿಲ್ಲಬೇಡಿ.

ಹಾಕಿ ಆಡಿ ಬಂದೋರಿಗೆ ಈ ಟೀಗಳು ಯಾಕೆ ಕಷ್ಟ?

1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ್ರು, ಇಲ್ಲಿ ಗಾಲ್ಫ್ ಹಿಡಿಯೋ ಅರ್ಧ ಜನ ಮೊದಲು ಹಾಕಿ ಸ್ಟಿಕ್ ಹಿಡಿದೋರೇ. ಕೈಗೆ ಜೋರಿದೆ, ಕಣ್ಣಿಗೆ ಗುರಿ ಇದೆ, ಆದ್ರೆ ಸ್ವಿಂಗ್ ಗಿಡ್ಡ ಮತ್ತು ಚಪ್ಪಟೆ. ಮರದ ಸಂದಿಯ ಟೀಯಲ್ಲಿ ಅದು ವರ, ಕೊಂಬೆ ಕೆಳಗೇ ಬಾಲ್ ನುಗ್ಗಿ ಹೋಗತ್ತೆ. ಎದುರಿಗೆ ದರೆ ಏರೋ ಟೀಯಲ್ಲಿ ಮಾತ್ರ ಬಾಲ್ ದರೆಗೇ ಹೊಡೆದು ವಾಪಸ್ ಬರತ್ತೆ, ಅಂಥ ಕಡೆ ಏಳನೇ ಐರನ್ ತಗೊಂಡ್ರೆ ಮರ್ಯಾದೆ ಉಳಿಯತ್ತೆ.

ನಮ್ಮದಕ್ಕಿಂತ ವಿಚಿತ್ರದ ಟೀ ಬೇರೆ ಕಡೆ ಇವೆಯಾ?

ಬೇಕಾದಷ್ಟು. ದಕ್ಷಿಣ ಆಫ್ರಿಕಾದ ಲೆಜೆಂಡ್ ರೆಸಾರ್ಟ್‌ನೋರು ಹ್ಯಾಂಗ್‌ಲಿಪ್ ಬೆಟ್ಟದ ನೆತ್ತಿ ಮೇಲೆ ಹತ್ತೊಂಬತ್ತನೇ ಹೋಲ್‌ಗೆ ಟೀ ಕಟ್ಟಿದ್ರು, ಹೆಲಿಕಾಪ್ಟರಲ್ಲೇ ಹೋಗ್ಬೇಕು, ಸುಮಾರು 400 ಮೀಟರ್ ಕೆಳಗೆ ಆಫ್ರಿಕಾ ಖಂಡದ ಆಕಾರದ ಗ್ರೀನ್. ಸ್ವೀಡನ್ ಫಿನ್ಲೆಂಡ್ ಗಡಿ ಮೇಲಿರೋ ಟೊರ್ನಿಯೊ ಕೋರ್ಸಿನ ಕೆಲವು ಕಡೆ ಟೀ ಒಂದು ದೇಶ, ಗ್ರೀನ್ ಇನ್ನೊಂದು, ಎರಡಕ್ಕೂ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ. ಬ್ಯಾಂಕಾಕ್‌ನ ಡಾನ್ ಮುಯಾಂಗ್ ಏರ್‌ಪೋರ್ಟಲ್ಲಿ ಎರಡು ರನ್‌ವೇ ನಡುವೆ ಕೋರ್ಸ್ ಮಾಡಿದ್ರು. ದಕ್ಷಿಣ ಕೊರಿಯಾ ಗಡಿಯ ಸೇನಾ ಶಿಬಿರ ಕ್ಯಾಂಪ್ ಬೊನಿಫಾಸ್‌ನಲ್ಲಿ 192 ಗಜದ ಒಂದೇ ಒಂದು ಪಾರ್ 3, ಸುತ್ತ ನೆಲಬಾಂಬ್ ಹೂತಿರೋ ನೆಲ, ಅಲ್ಲಿ ಹೋದ ಬಾಲ್ ಹೋಯ್ತು.

ನನಗೆ ಅತೀ ಇಷ್ಟ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನ ಹದಿನೇಳನೇದು. ಮೊದಲೇ ಅಲ್ಲಿ ಹೋಟೆಲ್ ಜಾಗದ ಮೂಲೆ ಮೇಲಿಂದ, ಹಳೇ ರೈಲ್ವೆ ಶೆಡ್ ಥರ ಕಟ್ಟಿರೋ ಶೆಡ್ ದಾಟಿಸಿ, ಕಾಣದೇ ಇರೋ ಫೇರ್‌ವೇಗೆ ಹೊಡೀಬೇಕು. 2010ರ ಬ್ರಿಟಿಷ್ ಓಪನ್‌ಗೆ ಹೋಲ್ 455ರಿಂದ 495 ಗಜ ಮಾಡೋಕೆ ಹೊಸ ಟೀನ ಕೋರ್ಸ್ ಗಡಿ ಆಚೆ, ಪ್ರಾಕ್ಟೀಸ್ ಜಾಗದಲ್ಲಿ ಇಟ್ರು, ಅಂದ್ರೆ ಬಾಲ್ ಹೋದ್ರೆ ಔಟ್ ಅನ್ನೋ ನೆಲದಿಂದಲೇ ಆಟ ಶುರು. ಅಮೆರಿಕದ ಅಗಸ್ಟಾ ಕ್ಲಬ್ಬಿನೋರಂತೂ ಪಕ್ಕದ ಕ್ಲಬ್ಬಿನ ಜಾಗವನ್ನೇ ಕೊಂಡು 2023ರಲ್ಲಿ ಹದಿಮೂರನೇ ಟೀನ 35 ಗಜ ಹಿಂದಕ್ಕೆ ತಗೊಂಡ್ರು, ಈಗ ಅದು 545 ಗಜ.

ಟೀ ನಿಜವಾಗ್ಲೂ ಕೆಟ್ಟದಾಗಿದ್ರೆ ಯಾರಿಗೆ ಹೇಳೋದು?

ಗ್ರೀನ್ಸ್ ಕಮಿಟಿಗೆ, ಬಾರಲ್ಲಿ ಕೂತು ಅಲ್ಲ. "ಟೀ ಸರಿ ಇಲ್ಲ" ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಯಾವ ಹೋಲ್, ಯಾವ ಬಣ್ಣ, ತೊಂದರೆ ಮಾರ್ಕರ್‌ದಾ ಮರದ್ದಾ ಮಣ್ಣಿಂದಾ ಅಂತ ಬಿಡಿಸಿ ಹೇಳಿ, ಎರಡು ಫೋಟೋ ಕಳಿಸಿ, ಒಂದು ಬಾಲ್ ಹಿಂದಿಂದ, ಒಂದು ಪಕ್ಕದಿಂದ ಮಟ್ಟ ಗೊತ್ತಾಗೋ ಹಾಗೆ. ಮಾರ್ಕರ್ ವಿಷಯ ಮಾರನೇ ದಿನ ಸರಿ ಹೋಗತ್ತೆ. ಕೊಂಬೆ ಆದ್ರೆ ಮುಂದಿನ ಕಪಾತು ಟೈಮಿಗೆ. ಮಣ್ಣು ಕೂತಿದ್ರೆ ಮಳೆ ಮುಗಿದು ನೆಲ ಆರೋ ತನಕ ಯಾರೂ ಕೈ ಹಾಕಲ್ಲ, ಡಿಸೆಂಬರಲ್ಲಿ ಇನ್ನೊಂದು ಸಲ ನೆನಪಿಸಿ.